ಒಂದೇ ಗೋಡೆಯ ಎರಡು ಫೋಟೋ

3 ಫೆಬ್ರವರಿ 2025, ಸೋಮವಾರ

ಬೆಳಗ್ಗೆ ಪೂರ್ತಿ ಪಾಸ್‌ಪೋರ್ಟ್ ಸೈಜು. ಎಲ್ಲ ಹೈಸ್ಕೂಲು ಮಕ್ಕಳು, ಫ್ಲ್ಯಾಶ್ ಬಂದ ಕೂಡಲೇ ಕಣ್ಣು ಮುಚ್ಚುವವರೇ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು.

ಮಧ್ಯಾಹ್ನ ಬಾಳೆಹೊನ್ನೂರಿನ ಕಡೆಯವರೊಬ್ಬರು. ನಾಳೆ ತಾಯಿಯ ವೈಕುಂಠ ಸಮಾರಾಧನೆ, ದೊಡ್ಡ ಫೋಟೋ ಆಗಬೇಕು. ಕೈಯಲ್ಲಿದ್ದದ್ದು ಯಾವುದೋ ಮದುವೆಮನೆಯ ಮೊಬೈಲ್ ಫೋಟೋ. ಅಜ್ಜಿ ಬಾಳೆಲೆಯ ಮುಂದೆ, ಬಾಯಲ್ಲಿ ಹೋಳಿಗೆ. ಹೋಳಿಗೆ ತೆಗೆದೆ. ಬಾಯಿ ಮುಚ್ಚಿಸಿದೆ. ಪಕ್ಕದ ನೆಂಟರು, ನೀರಿನ ಬಾಟಲಿ, ಹಿಂದಿನ ಕುರ್ಚಿ ಎಲ್ಲ ಅಳಿಸಿ ತಿಳಿನೀಲಿ ತುಂಬಿದೆ. ಮಗ ನೋಡಿದವನೇ ಅತ್ತುಬಿಟ್ಟ. "ಅಮ್ಮ ಎದುರಿಗೆ ಕೂತಂಗೇ ಉಂಟಲ್ರೀ" ಅಂದ.

ಇದು ನನ್ನ ಕೆಲಸ. ಕಂಪ್ಯೂಟರ್ ಮುಂದೆ ಕೂತು ಸತ್ತವರ ಕಣ್ಣು ಬಿಡಿಸುವುದು, ಮೂಗಿನ ನಳಿಗೆ ತೆಗೆಯುವುದು, ನೈಟಿಯವರಿಗೆ ಜರಿ ಸೀರೆ ಉಡಿಸುವುದು. ಕ್ಯಾಮೆರಾ, ಪ್ರಿಂಟು, ಫ್ರೇಮು ನಮ್ಮ ಯಜಮಾನರದು. ಒಳಕೋಣೆಯ ಪ್ರಿಂಟರ್ ನಾನು ಮುಟ್ಟಿದರೆ ಇವರಿಗೆ ಆಗುವುದಿಲ್ಲ. ಅಡುಗೆಮನೆಗೆ ಇವರು ಬಂದರೆ ನನಗೆ ಆಗುವುದಿಲ್ಲ. ಅಲ್ಲಿಗಲ್ಲಿಗೆ ಸರಿ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಯಮುನಮ್ಮ ಬಂದರು. ಕೊಪ್ಪದಲ್ಲಿ ನಮಗಿಂತ ಹಳಬರು. ಟವೆಲಿನಲ್ಲಿ ಸುತ್ತಿದ ಫ್ರೇಮನ್ನು ಮೇಜಿನ ಮೇಲೆ ಇಟ್ಟರು. "ಎಂತದೋ ಆಗಿದೆ ನೋಡು ಮಾರಾಯ್ತಿ, ಇವರಿಗೆ." ಗಂಡನನ್ನು ಡಾಕ್ಟರ ಹತ್ತಿರ ಕರೆತಂದವರ ದನಿ.

ಟವೆಲು ಬಿಚ್ಚಿದೆ. ಗಾಜಿನ ಮೇಲೆ ಗಂಧ, ಅದರ ಮೇಲೆ ಕುಂಕುಮ — ಇವತ್ತು ಬೆಳಗ್ಗೆ ಇಟ್ಟದ್ದು, ಕೆಂಪಗೆ ಇತ್ತು. ಅದರ ಹಿಂದೆ ಹಣೆ ಇರಲಿಲ್ಲ.

4 ಫೆಬ್ರವರಿ

ಅದೇ ತಲೆಯಲ್ಲಿ ಕೂತಿದೆ. ಕಪ್ಪುಬಿಳುಪಿನ ಫೋಟೋ ಹಸಿರಾಗಿದೆ. ಬಲಗೆನ್ನೆ, ಹಣೆ, ಅರ್ಧ ಮೂಗು ಬಿಳಿ ಕಾಗದಕ್ಕೆ ಸೇರಿಹೋಗಿವೆ. ನಾನು ಅದಕ್ಕೆ ಎರಡು ದಿನ ಕೂತಿದ್ದೆ, 2019ರಲ್ಲಿ. ಎಡಹುಬ್ಬಿನ ಮೇಲಿನ ಗಾಯದ ಗುರುತು ಕೂಡ ಉಳಿಸಿದ್ದೆ. ಅಳಿಸಬೇಡ, ನಮ್ಮ ಕೊಟ್ಟಿಗೆಯ ಬಾಗಿಲು ತಾಗಿದ್ದು ಅಂದಿದ್ದರು ಯಮುನಮ್ಮ.

ಗಂಡ ಗಣಪತಿ ಭದ್ರಾ ಹಿನ್ನೀರಿನಲ್ಲಿ ತೆಪ್ಪ ಮಗುಚಿ ಹೋದವರು. ಮದುವೆಯಾಗಿ ಮೂರೇ ವರ್ಷ. ಇದ್ದದ್ದು ಒಂದೇ ಫೋಟೋ, ನರಸಿಂಹರಾಜಪುರದ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಗಾಜು ಸೀಳಿತ್ತು, ಬೂಷ್ಟು ಹಿಡಿದಿತ್ತು, ಆದರೆ ಮುಖ ಇತ್ತು. ನಲವತ್ತು ವರ್ಷ ಕಳೆದರೂ ಇತ್ತು!

ಹೊಸದು ಕೊಟ್ಟ ದಿನ ಕೇಳಿದರು, "ಹಳೇದನ್ನ ಎಂತ ಮಾಡ್ಲಿ?"

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಗಾಜು ಒಡೆದ ಫೋಟೋ, ದೇವರದ್ದಾಗಲಿ ಹಿರಿಯರದ್ದಾಗಲಿ, ಮನೆಯಲ್ಲಿ ಇಡಬಾರದು. ಎಸೆಯಲೂ ಬಾರದು. ನೀರಿಗೆ ಬಿಡಬೇಕು. ನಾನೇ ಹೇಳಿದೆ, "ತುಂಗೆಗೆ ಬಿಡಿ ಯಮುನಮ್ಮ. ಇದು ನೂರು ವರ್ಷ ಬರ್ತದೆ."

ನೂರು ವರ್ಷ ನಾನು ಹುಟ್ಟಿಸಿದ್ದಲ್ಲ. ಇಂಕಿನ ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಇತ್ತು, ನಮ್ಮ ಯಜಮಾನರು ಓದಿ ಹೇಳಿದ್ದು. ಬೋರ್ಡಿನಲ್ಲೂ ಬರೆಸಿದ್ದಾರೆ — 'ತಲೆಮಾರು ಬಾಳುವ ಪ್ರಿಂಟ್'. ಯಮುನಮ್ಮ ಶೃಂಗೇರಿಗೆ ಹೋಗಿ ಬಿಟ್ಟು ಬಂದರು. ನನಗೆ ಪ್ರಸಾದವನ್ನೂ ತಂದುಕೊಟ್ಟಿದ್ದರು.

6 ಫೆಬ್ರವರಿ, ಗುರುವಾರ

ಫೈಲ್ ಇದ್ದರೆ ಇನ್ನೊಂದು ಪ್ರಿಂಟ್ ಹೊಡೆದರಾಯಿತು ಅಂದುಕೊಂಡಿದ್ದೆ. ಹಳೇ ಕಂಪ್ಯೂಟರ್ ಸಿಡಿಲಿಗೆ ಸುಟ್ಟಾಗ, ಎಲ್ಲ ಇನ್ನೊಂದು ಡಿಸ್ಕಿನಲ್ಲಿ ಇದೆ, ತಲೆ ಕೆಡಿಸ್ಕೋಬೇಡ ಅಂದಿದ್ದರು ಇವರು. ಇವತ್ತು ಆ ಡಿಸ್ಕ್ ಹಾಕಿದೆ. ಮದುವೆ. ಮದುವೆ. ನಾಮಕರಣ. ಮತ್ತೆ ಮದುವೆ. 'ಹಿರಿಯರು' ಅಂತ ನಾನು ಮಾಡಿಟ್ಟ ಫೋಲ್ಡರ್ ಇಲ್ಲವೇ ಇಲ್ಲ.

ಕೇಳಿದೆ.

"ಜಾಗ ಸಾಲ್ಲಿಲ್ಲ ಮಾರಾಯ್ತಿ. ಡ್ರೋನ್ ವಿಡಿಯೋ ಎಷ್ಟು ತಿಂತದೆ ಗೊತ್ತಾ? ಮದುವೆಯವ್ರು ಐದು ವರ್ಷ ಬಿಟ್ಟು ಬಂದು ಕೇಳ್ತಾರೆ. ಸತ್ತವ್ರು ಎರಡನೇ ಸಲ ಆರ್ಡರ್ ಕೊಡಲ್ಲ."

ನಕ್ಕರು. ನಾನೂ ನಕ್ಕುಬಿಟ್ಟೆ, ತಡೆಯಲಾಗದೆ. ಇವರ ಮಾತೇ ಹಾಗೆ, ಬಸ್‌ಸ್ಟ್ಯಾಂಡಿನಲ್ಲಿ ಇವರನ್ನು ಮಾತಾಡಿಸದೆ ಹೋಗುವವರಿಲ್ಲ.

ಆಮೇಲೆ ನೆನಪಾಯಿತು. ಅಮ್ಮನದೂ ಅದೇ ಫೋಲ್ಡರಿನಲ್ಲಿತ್ತು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಾ, ಹಣೆಗೆ ಕೈ ಅಡ್ಡ ಹಿಡಿದು ನಕ್ಕದ್ದು. ನಾನೇ ತೆಗೆದದ್ದು. ಫೋನಿನಲ್ಲಿ ಇರುವ ಒಂದೆರಡು ಆಸ್ಪತ್ರೆಯವು, ಅವು ಬೇಡ. ಹೋಗಲಿ, ಮನೆಯ ಗೋಡೆಯ ಮೇಲೆ ಪ್ರಿಂಟ್ ಇದೆಯಲ್ಲ.

11 ಫೆಬ್ರವರಿ

ಇವರ ತೀರ್ಪು: "ಒಲೆ ಹೊಗೆ, ಊದುಬತ್ತಿ ಹೊಗೆ, ನಮ್ಮ ಮಳೆಗಾಲದ ಥಂಡಿ. ಅವರ ಮನೆ ಹಂಗಿದ್ರೆ ಮಿಷನ್ ಎಂತ ಮಾಡ್ತದೆ?"

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಯಮುನಮ್ಮನ ಮನೆಗೆ ಹೋಗಿ ಬಂದೆ. ಗ್ಯಾಸ್ ಒಲೆ. ಫೋಟೋ ಇದ್ದದ್ದು ಒಳಗಿನ ಕೋಣೆಯಲ್ಲಿ, ಕಿಟಕಿಯೇ ಇಲ್ಲ. ಊದುಬತ್ತಿ ಶನಿವಾರ ಮಾತ್ರ. ಅದೇ ಗೋಡೆಯ ಮೇಲೆ ಯಾವುದೋ ಸೊಸೈಟಿಯ ಹಳೇ ಕ್ಯಾಲೆಂಡರಿನ ಲಕ್ಷ್ಮಿ, ಸೀರೆಯ ಬಣ್ಣ ಸಮೇತ ಇದ್ದಾಳೆ. ಪುಕ್ಕಟೆ ಬಂದ ಲಕ್ಷ್ಮಿ.

"ಸರಿ ಆಗ್ತದಲ್ಲಾ ವನಮಾಲ?" ಕೇಳಿದರು.

"ನೋಡ್ತೀನಿ" ಅಂದೆ. ಕಾಫಿ ಕುಡಿಯಲು ಆಗಲಿಲ್ಲ.

14 ಫೆಬ್ರವರಿ, ಶುಕ್ರವಾರ

ಒಂದು ಪರೀಕ್ಷೆ ಶುರು ಮಾಡಿದೆ. ನನ್ನದೇ ಮುಖ, ಎರಡೂ ಪಕ್ಕದಲ್ಲಿ ಕೆಂಪು, ನೀಲಿ, ಹಳದಿ, ಕಪ್ಪಿನ ಚೌಕ. ಒಂದು ಪ್ರಿಂಟ್ ಹೊಡೆಸಿದೆ ಇವರ ಕೈಯಲ್ಲೇ. ಕತ್ತರಿಯಲ್ಲಿ ನಡುಮಧ್ಯ ಕತ್ತರಿಸಿದೆ. ಅರ್ಧ ಅಂಗಡಿಯ ಪಶ್ಚಿಮದ ಕಿಟಕಿಗೆ ಅಂಟಿಸಿದೆ, ಇನ್ನರ್ಧ ಮೇಜಿನ ಡ್ರಾಯರಿನಲ್ಲಿ.

"ನಿಂಗೆ ಮಾಡ್ಲಿಕ್ಕೆ ಬೇರೆ ಕೆಲ್ಸ ಇಲ್ವಾ?" ಅಂದರು. ಬನ್ಸ್ ತಂದಿದ್ದರು, ಬಿಸಿ ಇತ್ತು. ತಿಂದೆವು.

2 ಮಾರ್ಚ್

ಏನೂ ಆಗಿಲ್ಲ. ನನ್ನ ಅರ್ಧ ಮುಖ ಕಿಟಕಿಯಲ್ಲಿ ಹಾಗೇ ಇದೆ. ಸುಮ್ಮನೆ ಅನುಮಾನಪಟ್ಟೆನೇ? ನಾಚಿಕೆ ಆಯಿತು ಸ್ವಲ್ಪ.

29 ಮಾರ್ಚ್, ಶನಿವಾರ

ನಾಳೆ ಯುಗಾದಿ. ಮನೆಯೆಲ್ಲ ಸಾರಿಸಿ, ಜೇಡರ ಬಲೆ ತೆಗೆದು ಸೊಂಟ ಬಿದ್ದುಹೋಗಿದೆ.

ಚಾವಡಿಯ ಫೋಟೋ ಎರಡನ್ನೂ ಇಳಿಸಿ ಒರೆಸಿದೆ. ಮಾವನದು, ಅಮ್ಮನದು. ನಾನು ಒಬ್ಬಳೇ ಮಗಳು, ಅಮ್ಮ ಕೊನೆಯ ನಾಲ್ಕು ವರ್ಷ ಇದ್ದದ್ದು ಇಲ್ಲೇ; ಹಾಗಾಗಿ ಇದೇ ಗೋಡೆ. ಮನೆಗೆ ಬಣ್ಣ ಹೊಡೆಸಿದ ವರ್ಷ, 2019ರಲ್ಲಿ, ಎರಡನ್ನೂ ಒಂದೇ ದಿನ ತೂಗುಹಾಕಿದ್ದು. ಒಂದೇ ಅಳತೆ, ಒಂದೇ ತರದ ಫ್ರೇಮು. "ಎರಡನ್ನೂ ಒಟ್ಟಿಗೇ ಮಾಡಿದೀನಿ ನೋಡು, ಬೀಗರಿಬ್ರೂ ಜೋಡಿ" ಅಂದಿದ್ದರು ಇವರು. ಆವತ್ತು ಎಷ್ಟು ಹೆಮ್ಮೆ ಆಗಿತ್ತು ಇವರ ಮೇಲೆ! ಅತ್ತೆಯನ್ನು ತಂದೆಯ ಸರಿಸಮ ಕೂರಿಸುವ ಅಳಿಯ ಯಾರಿದ್ದಾನೆ ಅಂತ.

ಅಮ್ಮನದು ಸ್ವಲ್ಪ ಬಿಳಿಚಿದೆ. ಸೀರೆಯ ನೇರಳೆ ನೀಲಿಯಾಗಿದೆ. ಕಿಟಕಿಯ ಪಕ್ಕ ಇದ್ದಳಲ್ಲ, ಬಿಸಿಲು ಬಿದ್ದಿರಬೇಕು. ಜಾಗ ಬದಲಿಸಿದೆ. ಅಮ್ಮ ಒಳಗಡೆ, ಕತ್ತಲೆಯ ಮೂಲೆಗೆ. ಮಾವ ಕಿಟಕಿಯ ಕಡೆಗೆ. ಮಾವನಿಗೆ ಬಿಸಿಲೇನು ಹೊಸದೇ, ಜೀವಮಾನವಿಡೀ ಗದ್ದೆಯಲ್ಲಿ ನಿಂತವರು.

19 ಏಪ್ರಿಲ್, ಶನಿವಾರ

ಕಿಟಕಿಯ ಅರ್ಧ ತೆಗೆದು ಡ್ರಾಯರಿನ ಅರ್ಧದ ಪಕ್ಕ ಇಟ್ಟೆ. ಕೆಂಪು ಚೌಕ ಹೋಗಿದೆ. ಮಾಸಿದ್ದಲ್ಲ, ಹೋಗಿದೆ. ನನ್ನ ಮುಖ ಕಾಯಿಮಾವಿನ ಬಣ್ಣ. ಎರಡೇ ತಿಂಗಳ ಬಿಸಿಲಿಗೆ!

ತೋರಿಸಿದೆ.

"ಬಿಸ್ಲಿಗೆ ಇಟ್ರೆ ನೀನೂ ಕಪ್ಪಾಗ್ತಿ" ಅಂದರು. "ಬಿಸ್ಲಿಗೆ ಹಾಕ್ಬೇಡಿ ಅಂತ ಎಲ್ರಿಗೂ ಹೇಳೇ ಕೊಡ್ತೀನಲ್ಲ. ಬಿಲ್ಲಲ್ಲೂ ಉಂಟು."

"ಯಮುನಮ್ಮನ ಕೋಣೇಲಿ ಬಿಸ್ಲೇ ಇಲ್ಲ."

"ಅಲ್ಲಿ ಥಂಡಿ."

ಬಿಸಿಲಾದರೆ ಬಿಸಿಲು, ಇಲ್ಲದಿದ್ದರೆ ಥಂಡಿ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಆದರೆ ಡ್ರಾಯರಿನ ಅರ್ಧ ಚೆನ್ನಾಗಿಯೇ ಇದೆಯಲ್ಲ, ಅದಕ್ಕೇನು ಉತ್ತರ ಕೊಡಲಿ?

ಇಂಕಿನ ಡಬ್ಬ ತೆಗೆದು ಕನ್ನಡಕ ಹಾಕಿ ಓದಿದೆ. ನೂರು ವರ್ಷ, ಹೌದು. ಕೆಳಗೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ: ಆಲ್ಬಮ್ಮಿನ ಒಳಗೆ ಇಟ್ಟರೆ. ಸತ್ತವರನ್ನು ಆಲ್ಬಮ್ಮಿನೊಳಗೆ ಇಟ್ಟು ಹಾರ ಹಾಕುವುದು ಹೇಗೆ?

25 ಮೇ

ಮದುವೆ ಸೀಸನ್. ಬರೆಯಲು ಪುರಸೊತ್ತಿಲ್ಲ. ಆಲ್ಬಮ್ ಮೇಲೆ ಆಲ್ಬಮ್. ಮದುಮಕ್ಕಳಿಗೆಲ್ಲ ಒಂದೇ ಬಿಳಿ ಬಣ್ಣ ಬೇಕು.

ಯಮುನಮ್ಮ ಎರಡು ಸಲ ಬಂದು ಬಾಗಿಲಲ್ಲೇ ನಿಂತು ಹೋದರು. "ಅರ್ಜೆಂಟ್ ಇಲ್ಲ" ಅಂತಾರೆ. ಅವರ ಮುಖ ನೋಡಲಾರೆ.

8 ಜುಲೈ, ಮಂಗಳವಾರ

ಮಳೆಗೆ ಮೂರು ದಿನದಿಂದ ಗಿರಾಕಿಗಳಿಲ್ಲ, ಬಸ್ಸು ಕೂಡ ತಡ. ನಾನೇ ಯಮುನಮ್ಮನನ್ನು ಕರೆಸಿದೆ.

ಮಾಸಿದ ಫೋಟೋವನ್ನು ಸ್ಕ್ಯಾನ್ ಮಾಡಿ, ಇದ್ದಬದ್ದದ್ದನ್ನೆಲ್ಲ ಎಳೆದು ತೆಗೆದಿದ್ದೆ. ಕಿವಿ ಬಂತು, ಕಾಲರು ಬಂತು, ಎಡಗಣ್ಣು ಬಂತು. ಬಲಗಡೆ ಕಾಗದದಲ್ಲೇ ಏನೂ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತರಲಿ? ಎಡಗೆನ್ನೆಯನ್ನು ಮಗುಚಿ ಬಲಗಡೆ ಕೂರಿಸಿದೆ. ಹಣೆಗೆ ಬೇರೆ ಯಾರದೋ ಹಣೆ. ಮೂಗು ನೆನಪಿನಿಂದ.

ಯಮುನಮ್ಮ ಪಕ್ಕದ ಸ್ಟೂಲಿನಲ್ಲಿ ಕೂತರು. "ಮೂಗು ಇನ್ನೂ ಚೂಪು." ಮಾಡಿದೆ. "ಅಷ್ಟಲ್ಲ." ಕಡಿಮೆ ಮಾಡಿದೆ. "ಗಲ್ಲ ಹಿಂಗಿರ್ಲಿಲ್ಲ… ಹೆಂಗಿತ್ತು?" ತಮ್ಮ ಗಲ್ಲವನ್ನೇ ಮುಟ್ಟಿ ನೋಡಿಕೊಂಡರು. ನೆನಪಾಗಲಿಲ್ಲ ಅವರಿಗೆ. ಸೆರಗು ಬಾಯಿಗೆ ಹೋಯಿತು.

ಹುಬ್ಬಿನ ಗಾಯ ಹಾಕಿದೆ. ಕೊನೆಗೆ ಒಬ್ಬ ಚೆಂದದ ಹುಡುಗ ನಮ್ಮಿಬ್ಬರನ್ನೂ ನೋಡುತ್ತಿದ್ದ.

ಬಹಳ ಹೊತ್ತು ನೋಡಿದರು. "ಚೆಂದ ಆಗಿದೆ ಕೂಸೆ" ಅಂದರು. "ಅವರಲ್ಲ."

"ಇನ್ನೊಂಚೂರು ಸರಿ ಮಾಡ್ತೀನಿ ಯಮುನಮ್ಮ—"

"ಬೇಡ. ಪ್ರಿಂಟ್ ಹಾಕ್ಬೇಡ. ಇದನ್ನೇ ದಿನಾ ನೋಡಿದ್ರೆ ಇದೇ ಅವರಾಗಿಬಿಡ್ತಾರೆ." ಮಾಸಿದ ಫ್ರೇಮನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು. "ಇದ್ರಲ್ಲಿ ಅರ್ಧವಾದ್ರೂ ಅವರದೇ ಉಂಟು."

ಯಮುನಮ್ಮ ಹೊರಡುವಾಗ ಇವರು ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿನ ತನಕ ಬಿಟ್ಟುಬಂದರು. ಬಂದು, "ಪಾಪ, ಮುದುಕಿ" ಅಂದರು.

30 ಆಗಸ್ಟ್

ಗೌರಿ ಗಣೇಶ ಮುಗಿಯಿತು. ಇನ್ನು ಮಹಾಲಯದ ಆರ್ಡರುಗಳು. ಹಿರಿಯರಿಗೆ ಎಡೆ ಇಡುವ ದಿನ ಹೊಸ ಫೋಟೋ ಆಗಬೇಕು ಎಲ್ಲರಿಗೂ.

ಇವತ್ತು ಶೃಂಗೇರಿ ಕಡೆಯ ವಿಜಯ್ ಅನ್ನುವವರು ಅಜ್ಜನ ಫೋಟೋ ತಂದಿದ್ದರು. ಅದೂ ನಮ್ಮದೇ. ಅದೂ ಹಸಿರು. "ಹೊಗೆ ತಾಗಿರ್ಬೇಕಲ್ಲ?" ಇವರು ಶುರು ಮಾಡಿದರು. ಹಳೇ ಒರಿಜಿನಲ್ ಅವರ ಹತ್ತಿರ ಇನ್ನೂ ಇತ್ತು, ದೇವರ ದಯೆ. ಮತ್ತೆ ಸ್ಕ್ಯಾನ್ ಮಾಡಿದೆ. ಅವರು ಹೊರಡುವಾಗ ಇವರು ಹೇಳುತ್ತಿದ್ದರು, "ಆ ಹಳೇದನ್ನ ಮಹಾಲಯದ ದಿನ ತುಂಗೆಗೆ ಬಿಟ್ಬಿಡಿ. ಒಡಕು ಫೋಟೋ ಮನೇಲಿ ಎಂತಕ್ಕೆ?"

ನನ್ನದೇ ಮಾತು ಇವರ ಬಾಯಲ್ಲಿ. ಎದ್ದು ಹೋಗಿ ಬೇಡ ಅನ್ನಬೇಕಿತ್ತು. ಅಷ್ಟರಲ್ಲಿ ಜೀಪು ಹೊರಟಿತ್ತು.

14 ಸೆಪ್ಟೆಂಬರ್, ಭಾನುವಾರ, ಬೆಳಗ್ಗೆ

ಇವರು ಕಡಹಿನಬೈಲಿಗೆ ಶೂಟಿಂಗಿಗೆ ಹೋಗಿದ್ದಾರೆ. ಮುಂದಿನ ಭಾನುವಾರ ಮಹಾಲಯ. ಫೋಟೋ ಒರೆಸಲು ಇಳಿಸಿದೆ.

ಅಮ್ಮ ಇಲ್ಲ.

ಹಪ್ಪಳ ಇದೆ, ಹಣೆಗೆ ಅಡ್ಡ ಹಿಡಿದ ಕೈ ಇದೆ, ನೆರಳಿನ ತರ. ನಗು ಇಲ್ಲ. ಯುಗಾದಿಯಿಂದ ಕತ್ತಲೆಯ ಮೂಲೆಯಲ್ಲಿ ಇದ್ದವಳು. ಮಾವ ಬೇಸಗೆಯಿಡೀ ಕಿಟಕಿಯ ಬಿಸಿಲು ಕುಡಿದಿದ್ದಾರೆ — ಅವರ ಕೆಂಪು ಅಂಚಿನ ಪಂಚೆ, ಎಲೆಯಡಿಕೆ ಹಾಕಿದ ತುಟಿ, ಒಂದೂ ಮಾಸಿಲ್ಲ. ಇಬ್ಬರನ್ನೂ ನೆಲದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಗೋಡೆ, ಅದೇ ಊದುಬತ್ತಿ, ಅದೇ ಮಳೆ.

ಎರಡೂ ಫ್ರೇಮಿನ ಹಿಂದಿನ ರಟ್ಟು ಬಿಚ್ಚಿದೆ. ಫ್ರೇಮು ಹಾಕಿದ್ದು ಇವರು, ನಾನು ಇದುವರೆಗೆ ಬಿಚ್ಚಿದವಳಲ್ಲ. ಬೆರಳು ಒದ್ದೆ ಮಾಡಿ ಅಮ್ಮನ ಫೋಟೋದ ಮೂಲೆಗೆ ಇಟ್ಟೆ. ನೀಲಿ ಬಂತು ಬೆರಳಿಗೆ. ಬಾಟಲಿಯ ಇಂಕು ನೀರಿಗೆ ಬಿಡುತ್ತದೆ, ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಮಾವನ ಮೂಲೆಗೆ ಇಟ್ಟೆ. ಉಜ್ಜಿದೆ. ಮತ್ತೆ ಉಜ್ಜಿದೆ. ಬೆರಳು ಬರೀ ಒದ್ದೆ. ಇದು ಪ್ರಿಂಟರಿನಲ್ಲಿ ಬಂದದ್ದೇ ಅಲ್ಲ. ಲ್ಯಾಬಿನಲ್ಲಿ ಮದ್ದುನೀರಿನಲ್ಲಿ ತೊಳೆದು ತೆಗೆದದ್ದು. ಯಮುನಮ್ಮನ ಗಂಡನ ಹಳೇ ಫೋಟೋದ ಹಾಗೆ.

ದೀಪದ ಬುಡ ಕತ್ತಲೆ. ಕಿಟಕಿಗೆ ಅರ್ಧ ಮುಖ ಅಂಟಿಸಿ ಪರೀಕ್ಷೆ ಮಾಡುತ್ತಾ ಕೂತಿದ್ದೆ. ಪರೀಕ್ಷೆ ಮನೆಯಲ್ಲೇ ಆರು ವರ್ಷದಿಂದ ನಡೆಯುತ್ತಿತ್ತು.

ಅದೇ ದಿನ, ಸಂಜೆ

ಬಂದರು. ಚಹಾ ಕೊಟ್ಟೆ. ಕುಡಿದು ಮುಗಿಯಲಿ ಅಂತ ಕಾದೆ.

"ಮಾವಂದು ಎಲ್ಲಿ ಪ್ರಿಂಟ್ ಮಾಡ್ಸಿದ್ದು?"

"ಎಲ್ಲಿ ಅಂದ್ರೆ? ನಮ್ದರಲ್ಲೇ."

ನೆಲದ ಮೇಲಿದ್ದ ಎರಡನ್ನೂ ತೋರಿಸಿದೆ. ಬೆರಳು ತೋರಿಸಿದೆ. ನೀಲಿ ಇನ್ನೂ ಹೋಗಿರಲಿಲ್ಲ.

"…ಶಿವಮೊಗ್ಗದ ಲ್ಯಾಬಲ್ಲಿ."

"ಅಮ್ಮಂದು?"

ಲೋಟ ತಿರುಗಿಸುತ್ತಾ ಕೂತರು.

"ಅದೊಂದನ್ನ ಯಾಕೆ ಅಲ್ಲಿಗೆ ಕಳ್ಸಿದ್ರಿ?"

"ಅಪ್ಪಂದಲ್ವಾ ಮಾರಾಯ್ತಿ… ಹಾಳಾಗ್ಬಾರ್ದು ಅಂತ."

ಹೇಳಿದ ಮೇಲೆ ಅವರಿಗೇ ಕೇಳಿಸಿತು ತಾವು ಹೇಳಿದ್ದು.

"ಹಾಳಾಗ್ತದೆ ಅಂತ ಗೊತ್ತಿತ್ತು ಹಂಗಾದ್ರೆ" ಅಂದೆ.

"ಎಲ್ರೂ ಅದೇ ಇಂಕ್ ಹಾಕೋದು. ಕೊಪ್ಪದಲ್ಲಿ, ನರಸಿಂಹರಾಜಪುರದಲ್ಲಿ, ಎಲ್ಲಾ ಕಡೆ. ಸತ್ತವ್ರ ಫೋಟೋನ ಯಾರು ದಿನಾ ನೋಡ್ತಾರೆ? ವರ್ಷಕ್ಕೊಂದಿನ ಹಾರ ಹಾಕಿ ಕೈ ಮುಗೀತಾರೆ."

"ನಾನು ದಿನಾ ನೋಡ್ತೀನಿ."

"ನಿಂದು ಬೇರೆ—"

"ಯಮುನಮ್ಮ ದಿನಾ ನೋಡ್ತಾರೆ."

ಎದ್ದು ಸ್ನಾನಕ್ಕೆ ಹೋದರು.

15 ಸೆಪ್ಟೆಂಬರ್

ರಾಜೇಶ ಬೆಳಗ್ಗೆ ಬ್ಯಾಂಕಿಗೆ ಹೋದಾಗ ಒಳಕೋಣೆಗೆ ಹೋದೆ. ಬಾಗಿಲಿನಿಂದಲೇ ಗಿರಾಕಿಗಳಿಗೆ ಕಾಣುವಂತೆ ಕಪಾಟಿನಲ್ಲಿ ಇಟ್ಟ ಕಂಪನಿಯ ಬಾಟಲಿಗಳು ಖಾಲಿ. ಮೇಜಿನಡಿ ಹೆಸರಿಲ್ಲದ ಪ್ಲಾಸ್ಟಿಕ್ ಕ್ಯಾನುಗಳು, ಅಡುಗೆ ಎಣ್ಣೆಯ ಕ್ಯಾನುಗಳಂಥವು. ಬಾಟಲಿಯ ಬಾಯಿಗೆ ಇಟ್ಟ ಆಲಿಕೆ ನನ್ನದು, ಅಡುಗೆಮನೆಯದು. ಎಲ್ಲಿ ಹೋಯಿತು ಅಂತ ಎಷ್ಟು ಹುಡುಕಿದ್ದೆ.

ಗಂಡನ ಹೆಸರು ಹಿಡಿದು ಬರೆದಿದ್ದೇನೆ ಮೇಲೆ. ಈಗ ನೋಡಿದೆ. ಇರಲಿ. ಇನ್ನು ಹಾಗೇ.

ಇಂಕಿನ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ನನಗೆ. ತಿಳಿಯದೆ ಮಾಡಿದ್ದರೆ ಬೈದು, ಅತ್ತು ಸುಮ್ಮನಾಗುತ್ತಿದ್ದೆ. ತಿಳಿದಿತ್ತು ಅವನಿಗೆ. ತಿಳಿದೇ ತನ್ನ ಅಪ್ಪನನ್ನು ಉಳಿಸಿಕೊಂಡ, ನನ್ನ ಅಮ್ಮನನ್ನು ಕ್ಯಾನಿಗೆ ಕೊಟ್ಟ. ಬೀಗರಿಬ್ಬರೂ ಜೋಡಿ ಅಂದ. ಆ ಜೋಡಿಯನ್ನು ನೋಡಿ ಆರು ವರ್ಷ ನಾನು ಅವನ ಮೇಲೆ ಹೆಮ್ಮೆಪಟ್ಟೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತಾರೆ. ಬೇಲಿ ಬರೀ ಅವನಲ್ಲ. ಊರವರು ನಂಬಿದ್ದು ಕ್ಯಾನನ್ನಲ್ಲ, ನನ್ನ ಬಾಯಿಮಾತನ್ನು. ಅವನು ನನ್ನ ನಾಲಿಗೆಯಿಂದ ಸುಳ್ಳು ಹೇಳಿಸಿದ.

17 ಸೆಪ್ಟೆಂಬರ್

ಯಮುನಮ್ಮನ ಮನೆಗೆ ಹೋದೆ. ಎಲ್ಲ ಹೇಳಿದೆ, ಮಾವನ ಫೋಟೋ ಸಮೇತ. ಬೈಯಲಿ ಅಂತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

ಅಕ್ಕಿ ಆರಿಸುತ್ತಿದ್ದರು, ನಿಲ್ಲಿಸಲಿಲ್ಲ. "ನಾನು ನೀರಿಗೆ ಬಿಟ್ಟೆನಲ್ಲಾ" ಅಂದರು. "ಬಿಟ್ಟ ಮೇಲೆ ಒಂದ್ಸಲ ಮೇಲೆ ಬಂತು. ಮೀನು ಮೂತಿ ತಾಗ್ಸಿದ್ವು. ನಂಗೆ ಹಿಡ್ಕೊಂಬ ಅನ್ನಿಸ್ತು. ಮನೇಲಿ ಹೊಸದು ಉಂಟಲ್ಲ ಅಂತ ಕೈ ಹಿಂದೆ ತಗೊಂಡೆ."

ನಾನೂ ಮೊರಕ್ಕೆ ಕೈ ಹಾಕಿ ಅಕ್ಕಿ ಆರಿಸತೊಡಗಿದೆ.

ಆಮೇಲೆ ಕೇಳಿದರು, "ಇನ್ನೂ ಎಷ್ಟು ಜನ ಬಿಡ್ತಾರೆ ಈ ಮಹಾಲಯಕ್ಕೆ?"

20 ಸೆಪ್ಟೆಂಬರ್, ಶನಿವಾರ

ವಿಜಯ್‌ಗೆ ಫೋನ್ ಮಾಡಿದೆ. ಅಜ್ಜನ ಹಳೇದನ್ನು ನಾಳೆ ಬಿಡಬೇಕು ಅಂತ ಹಾರದ ಜೊತೆ ಕಟ್ಟಿಟ್ಟಿದ್ದರಂತೆ. "ಬಿಡಬೇಡಿ" ಅಂದೆ. "ಯಾಕ್ರೀ, ದೋಷ ಉಂಟಾ?" ಅಂದರು. "ದೋಷ ನಮ್ದು" ಅಂದೆ.

ಬೇರೆಯವರ ನಂಬರ್ ಇಲ್ಲ. ರಾಜೇಶನ ಫೋನಿನಲ್ಲಿ ಇವೆ. ಕೇಳಿದೆ.

"ತಲೆ ಕೆಟ್ಟಿದ್ಯಾ ನಿಂಗೆ? ಅಂಗಡಿ ಮುಚ್ಚಿಸ್ಬೇಕು ಅಂತ ಮಾಡಿದ್ಯಾ? ನಿಮ್ಮಮ್ಮಂದು ಬೇಕಾದ್ರೆ ನಾಳೆನೇ ಲ್ಯಾಬಿಗೆ ಕಳಿಸ್ತೀನಿ!"

"ಎಂತ ಕಳಿಸ್ತೀರಿ? ಫೈಲ್ ಎಲ್ಲಿದೆ?"

ಫೋನನ್ನು ಜೇಬಿಗೆ ಹಾಕಿಕೊಂಡ.

21 ಸೆಪ್ಟೆಂಬರ್, ಭಾನುವಾರ, ಮಹಾಲಯ

ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ಅವನು ಪೇಟೆಗೆ ಹೂವು ತರಲು ಹೋದಾಗ ಅಡುಗೆ ಎಲ್ಲ ಮಾಡಿಟ್ಟೆ. ಕಡುಬು, ಕಾಳಿನ ಪಲ್ಯ, ಪಾಯಸ. ಎರಡು ಎಲೆಗೆ ಆಗುವಷ್ಟು. ಆಮೇಲೆ ಎರಡು ಫೋಟೋಗಳನ್ನೂ ಗೋಡೆಯಿಂದ ಇಳಿಸಿ ಟವೆಲಿನಲ್ಲಿ ಸುತ್ತಿ ತಂದೆ.

ರಸ್ತೆಯ ಕಡೆಯ ಶೋಕೇಸಿನಿಂದ ಮದುಮಕ್ಕಳನ್ನೆಲ್ಲ ತೆಗೆದೆ. ಅಮ್ಮ ಎಡಕ್ಕೆ, ಮಾವ ಬಲಕ್ಕೆ. ಕೆಳಗೆ ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ:

'ಎರಡನ್ನೂ 2019ರಲ್ಲಿ ಒಂದೇ ದಿನ ಒಂದೇ ಗೋಡೆಗೆ ಹಾಕಿದ್ದು. ಎಡದ್ದು ನಮ್ಮ ಅಂಗಡಿಯಲ್ಲಿ ಮಾಡಿದ್ದು. ಬಲದ್ದು ಹೊರಗೆ ಮಾಡಿಸಿದ್ದು. ನಮ್ಮಲ್ಲಿ ಫೋಟೋ ಮಾಡಿಸಿದವರು ಹಳೆಯ ಒರಿಜಿನಲ್ ನೀರಿಗೆ ಬಿಡಬೇಡಿ. — ವನಮಾಲ.'

'ತಲೆಮಾರು ಬಾಳುವ' ಅನ್ನುವ ಬೋರ್ಡಿನ ಮೇಲೆ ಕಾಗದ ಅಂಟಿಸಲು ಕೈ ಎಟುಕಲಿಲ್ಲ.

ಶೃಂಗೇರಿ ಬಸ್ಸಿಗೆ ಹೊರಟವರು ನಿಂತು ಓದುತ್ತಿದ್ದಾರೆ. ಒಬ್ಬಾಕೆ ಚೀಲದೊಳಗೆ ಕೈ ಹಾಕಿ ನೋಡಿಕೊಂಡರು, ರಸ್ತೆ ದಾಟಿ ಮನೆಯ ಕಡೆಗೇ ವಾಪಸ್ ಹೋದರು. ಯಮುನಮ್ಮ ಆಗಿನಿಂದ ಮೆಟ್ಟಿಲ ಮೇಲೆ ಕೂತಿದ್ದಾರೆ. ಬನ್ನಿ ಒಳಗೆ ಅಂದರೆ, "ಇಲ್ಲೇ ಇರ್ಲಿ, ಓದಕ್ಕೆ ಬರ್ದವರಿಗೆ ಹೇಳ್ತೀನಿ" ಅಂತಾರೆ.

ಹನ್ನೆರಡೂವರೆಗೆ ರಾಜೇಶನ ಫೋನ್.

"ಎಲ್ಲಿದೀ? ಎಡೆ ಇಡ್ಬೇಕು, ಗೋಡೆ ಖಾಲಿ. ಅಪ್ಪನ ಫೋಟೋ ಎಲ್ಲಿ?"

ಕಾದೆ. ಇನ್ನೊಂದು ಮಾತು ಬರುತ್ತದೇನೋ ಅಂತ. ಇನ್ನೊಬ್ಬರ ಹೆಸರು.

"ಅಪ್ಪನ ಫೋಟೋ ಎಲ್ಲಿ ಅಂತ ಕೇಳ್ದೆ."

"ಅಂಗಡೀಲಿ" ಅಂದೆ. "ಬನ್ನಿ. ಇಬ್ರೂ ಇಲ್ಲೇ ಇದ್ದಾರೆ."

ಬೈಕಿನ ಸದ್ದು. ಅವನದೇ. ಜನ ಸ್ವಲ್ಪ ಸರಿದು ದಾರಿ ಬಿಟ್ಟರು. ಹೆಲ್ಮೆಟ್ ತೆಗೆದಿಲ್ಲ, ಕೈಯಲ್ಲಿ ಹಾರ. ಒಂದೇ ಹಾರ ತಂದಿದ್ದಾನೆ. ಶೋಕೇಸಿನ ಮುಂದೆ ನಿಂತ. ಓದುತ್ತಿದ್ದಾನೆ. ಯಮುನಮ್ಮ ಎದ್ದು ನಿಂತು ಅವನಿಗೆ ಅಮ್ಮನ ಫೋಟೋವನ್ನು ಬೆರಳು ಮಾಡಿ ತೋರಿಸುತ್ತಿದ್ದಾರೆ. ಪೆನ್ನು ಇಟ್ಟು ಹೊರಗೆ ಹೋಗುತ್ತೇನೆ.